ನೂರು ದಿನ ಸುಮ್ಮನಿದ್ದ ಹಾಡು

ಎಲ್ಸನ್ ಸತ್ತದ್ದು ಜೂನ್ ತಿಂಗಳ ಒಂದು ಮಂಗಳವಾರ, ಹಗಲು ಹನ್ನೊಂದು ಗಂಟೆಗೆ, ಹಡಗುಕಟ್ಟೆಯಲ್ಲಿ. ಸಿಮೆಂಟ್ ಮೂಟೆ ಇಳಿಸುತ್ತಿದ್ದವನು “ಒಂದ್ನಿಮಿಷ ಕೂತ್ಕೋತೀನಿ” ಅಂದನಂತೆ. ಕೂತವನು ಏಳಲಿಲ್ಲ. ಅವನಿಗಿನ್ನೂ ನಲವತ್ತೊಂದು ವರ್ಷ.

ವಾರದಲ್ಲಿ ಐದು ದಿನ ಮೂಟೆ ಹೊರುತ್ತಿದ್ದ ಎಲ್ಸನ್ ಉಳಿದೆರಡು ದಿನ ನವಿತ ಬ್ಯಾಂಡಿನಲ್ಲಿ ಹಾಡುತ್ತಿದ್ದ. ನವಿತ ಅಂದರೆ ನಮ್ಮಲ್ಲಿ ಆಕ್ಟೋಪಸ್. ಎರಡು ಗಿಟಾರ್, ಒಂದು ಉಕುಲೆಲೆ, ಪ್ಲೈವುಡ್ ಪೆಟ್ಟಿಗೆಗೆ ಕೋಲು ನೆಟ್ಟು ಒಂದೇ ತಂತಿ ಬಿಗಿದ ಬೇಸ್. ನಾಲ್ಕು ಜನ, ಎಂಟು ಕೈ, ಅದಕ್ಕೇ ಆ ಹೆಸರು. ಎಲ್ಸನ್‌ನದು ಬಾಗಿಲು ತುಂಬುವಂಥ ಮೈ. ಅದರೊಳಗಿಂದ ಅಷ್ಟು ತೆಳ್ಳಗಿನ ಏರುದನಿ ಹೇಗೆ ಬರುತ್ತಿತ್ತೋ ಯಾರಿಗೂ ತಿಳಿಯದು. ಹೋದ ವರ್ಷ ಅವನು ಹೆಂಡತಿಯ ಮೇಲೆ ಒಂದು ಹಾಡು ಕಟ್ಟಿದ. ಕಾವಾ ಬೇರಿನ ಮತ್ತಿನ ರಸ ಕುಡಿದು ತಡಮಾಡಿ ಬಂದ ಗಂಡ ಹೊರಗೆ ನಿಂತು ಓಲೈಸುವ ಹಾಡು. “ಮೆರೆಲಿನ್, ಕದ ತೆಗಿ, ಮೆರೆಲಿನ್, ಕದ ತೆಗಿ, ಸೊಳ್ಳೆಗೂ ನನ್ನ ಮೇಲೆ ಕರುಣೆ ಬಂತು” ಎಂದು ಪಲ್ಲವಿ. ನಮ್ಮ ದ್ವೀಪದೇಶದ ರಾಜಧಾನಿ ಪೋರ್ಟ್ ವಿಲಾದಲ್ಲಿ ಅದನ್ನು ಹಾಕದ ಬಸ್ಸಿರಲಿಲ್ಲ. ಮೆರೆಲಿನ್ ಮಾರುಕಟ್ಟೆಗೆ ಬಂದರೆ ತರಕಾರಿ ಮಾರುವ ಹೆಂಗಸರೆಲ್ಲ “ಕದ ತೆಗೆದ್ಯೇನೇ?” ಎಂದು ಕೇಳಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ಹಾಡು ಊರಿಗೆ ಸಿಕ್ಕಿದ್ದು ನಮ್ಮ ‘ನಸಾರ’ದಿಂದ. ನನ್ನ ಹೆಸರು ಕಲ್ತಾಕ್. ನಾನೂ ನನ್ನ ದೊಡ್ಡಪ್ಪನ ಮಗಳು ಲೈಮಾರುವೂ ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನಡೆಸುವ ಹಾಡಿನ ಆ್ಯಪ್ ಅದು. ಊರ ನಡುವಿನ ಕುಣಿತದ ಬಯಲಿಗೆ ನಾವು ನಸಾರ ಅನ್ನುತ್ತೇವೆ. ಯಾರು ಬೇಕಾದರೂ ಬಂದು ಕಾಲು ಊರಿ ಹಾಡಬಹುದಾದ ಜಾಗ. ಕಂಪನಿಯ ಬೆಂಬಲವಿಲ್ಲದ, ತಮ್ಮ ಹಾಡು ತಾವೇ ಕಟ್ಟಿ ತಾವೇ ಹಾಡುವ ನೂರತೊಂಬತ್ತು ಬ್ಯಾಂಡುಗಳು ಅದರಲ್ಲಿವೆ. ಲೈಮಾರು ಅಕ್ಕ ಹದಿನಾರು ವರ್ಷ ಒಂದು ರೇಡಿಯೋದಲ್ಲಿ ಇದ್ದವಳು. ಒಂದು ದಿನ ಅಲ್ಲಿನ ಹಳೆಯ ಟೇಪುಗಳ ಮೇಲೆ, ಸತ್ತುಹೋದ ಹಾಡುಗಾರರ ದನಿಯ ಮೇಲೆ, ಯಾರೋ ಫುಟ್‌ಬಾಲ್ ವಿವರಣೆ ತುಂಬಿದ್ದನ್ನು ಕಂಡಳು. ಅವತ್ತೇ ಕೆಲಸ ಬಿಟ್ಟಳು. ನನಗೆ ಕಂಪ್ಯೂಟರ್ ಬರುತ್ತದೆ, ಅವಳಿಗೆ ಹಟ ಬರುತ್ತದೆ. ನಸಾರ ನಡೆಯುತ್ತಿರುವುದು ಬಹುಮಟ್ಟಿಗೆ ಎರಡನೆಯದರಿಂದ. ನಮ್ಮ ಕೋಣೆಯ ಗೋಡೆಯ ಮೇಲೆ ಅವಳ ಕೈಬರಹದಲ್ಲಿ ಒಂದೇ ನಿಯಮ ಇದೆ: ಹಾಡು ಹಾಡಿದವರದು. ಹಾಕುವವರೂ ಅವರೇ, ತೆಗೆಯುವವರೂ ಅವರೇ.

ಹಾಡಿದವನೇ ಹೋದರೆ? ಅದನ್ನು ನಾವು ಯೋಚಿಸಿರಲಿಲ್ಲ.

ಎಲ್ಸನ್‌ನನ್ನು ಮಣ್ಣು ಮಾಡಿದ ಮಾರನೆಯ ದಿನ ನಾವಿಬ್ಬರೂ ರೂಢಿಯಂತೆ ಒಂದು ಚಾಪೆ, ಒಂದು ಮೂಟೆ ಅಕ್ಕಿ ಹಿಡಿದು ಫ್ರೆಶ್‌ವೋಟಾದ ಅವನ ಮನೆಗೆ ಹೋದೆವು. ಪಾಮಾ ದ್ವೀಪದಿಂದ ಹಡಗಿನಲ್ಲಿ ಬಂದ ನೆಂಟರು ಅಂಗಳ ತುಂಬಿದ್ದರು. ಒಳಗೆ ಹೆಂಗಸರ ನಡುವೆ ಮೆರೆಲಿನ್ ಕಪ್ಪು ಬಟ್ಟೆಯಲ್ಲಿ ಕೂತಿದ್ದಳು. ಲೈಮಾರುವಿನ ಕೈ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು, “ಅಕ್ಕ, ಅವನು ದಿನಕ್ಕೆ ನಲವತ್ತು ಸಲ ಕದ ತಟ್ತಾನೆ.”

ಮನೆ ಇರುವುದು ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲಿ. ನನಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಹಿಡಿಯಿತು.

ಎಲ್ಸನ್‌ನ ತಾಯಿ ಮೂಲೆಯಿಂದ ಹೇಳಿದಳು, “ನೋಡು ಮಗಳೇ, ಊರೆಲ್ಲ ಅವನ ದನೀನ ಹಿಡಿದು ಎಳೀತಾ ಇದ್ರೆ ಅವನು ಹೋಗೋದಾದ್ರೂ ಹ್ಯಾಗೆ? ಹೆಜ್ಜೆ ಇಟ್ಟಾಗೆಲ್ಲ ಹಿಂದೆ ತಿರುಗಿ ನೋಡ್ತಾನೆ. ನೂರು ದಿನ ಬಿಟ್ಬಿಡಿ. ನೂರನೇ ದಿನದ ಊಟ ಆಗ್ಲಿ. ಆಮೇಲೆ ನಿಮ್ಮಿಷ್ಟ.”

“ಆಯ್ತು ಅತ್ತೆ,” ಅಂದಳು ಲೈಮಾರು.

ಅಷ್ಟೇ. ನನ್ನನ್ನು ಒಂದು ಮಾತು ಕೇಳಲಿಲ್ಲ. ಹೊರಗೆ ಬಂದ ಮೇಲೆ ನಾನು ಬಾಯಿ ಬಿಟ್ಟೆ. “ಅಕ್ಕ, ಫೋನ್ ಕಂಪನಿಯವರ ವಿಷಯ ಮರೆತೆಯಾ?”

ಅದನ್ನು ಹೇಳಬೇಕು. ನಮ್ಮ ಜನಕ್ಕೆ ಹಾಡು ಕೇಳುವ ಆಸೆ ಇದ್ದರೂ ಇಂಟರ್‌ನೆಟ್ಟಿನ ಖರ್ಚು ಭಾರ. ಒಂದು ಫೋನ್ ಕಂಪನಿ, ಜುಲೈ ಮೂವತ್ತರ ಸ್ವಾತಂತ್ರ್ಯ ದಿನದಿಂದ ನಸಾರವನ್ನು ತನ್ನ ಗಿರಾಕಿಗಳಿಗೆ ಪುಕ್ಕಟೆಯಾಗಿ ತೆರೆದಿಡುತ್ತೇನೆ ಅಂದಿತ್ತು. ಮೂರು ವರ್ಷ ನಾವು ಅವರ ಬಾಗಿಲಿಗೆ ಅಲೆದು ಪಡೆದ ಮಾತು ಅದು. ಅದರ ಜಾಹೀರಾತಿಗೆ ಅವರು ಆರಿಸಿದ್ದು ಒಂದೇ ಹಾಡು: ಮೆರೆಲಿನ್, ಕದ ತೆಗಿ.

“ಮರೆತಿಲ್ಲ,” ಅಂದಳು ಲೈಮಾರು. “ಮನೆಗೆ ಹೋದ ತಕ್ಷಣ ಹಾಡು ತೆಗಿ.”

ತೆಗೆದೆ. ಆ ವಾರ ನಸಾರದಲ್ಲಿ ಜನ ಕೇಳುತ್ತಿದ್ದುದರಲ್ಲಿ ಅರ್ಧಕ್ಕರ್ಧ ಅದೊಂದೇ ಹಾಡು. ಗುಂಡಿ ಒತ್ತುವಾಗ ನನ್ನ ಕೈ ತಡೆಯಿತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಫೋನ್ ಕಂಪನಿಯಿಂದ ಡೀನ್ ಎಂಬವನು ನಮ್ಮ ಮೆಟ್ಟಿಲು ಹತ್ತಿ ಬಂದ. ಒಳ್ಳೆಯ ಮನುಷ್ಯ, ಹಿತ್ತಲಲ್ಲಿ ಬೆಳೆದ ಪಪ್ಪಾಯಿ ತಂದಿದ್ದ.

“ಲೈಮಾರು, ನಿಮ್ಮ ಸಂಕಟ ನನಗೆ ಗೊತ್ತಾಗುತ್ತೆ. ಆದ್ರೆ ಜನ ಆ ಹಾಡು ಕೇಳ್ತಿರೋದು ಈಗ್ಲೇ ಅಲ್ವಾ?”

“ಅದಕ್ಕೇ ಈಗ್ಲೇ ನಿಲ್ಸಿದ್ದು.”

“ಹಾಡಿನ ಮಾತು ಬಿಟ್ಟು ಬರೀ ಸಂಗೀತ ಹಾಕಿದ್ರೆ?”

“ಸಂಗೀತ ಕೇಳಿದ್ರೆ ಮಾತು ತಾನೇ ಬರುತ್ತೆ. ನೀವೇ ಗುನುಗ್ತಾ ಮೆಟ್ಲು ಹತ್ತಿದ್ರಿ.”

ಡೀನ್‌ನ ಮುಖ ಕೆಂಪಾಯಿತು. “ಹಾಗಾದ್ರೆ ಯಾವಾಗ?”

“ಸೆಪ್ಟೆಂಬರ್‌ನಲ್ಲಿ ಬನ್ನಿ. ಇಲ್ಲಾ, ನೂರೆಂಬತ್ತೊಂಬತ್ತು ಬ್ಯಾಂಡ್ ಇದಾವೆ, ಈಗ್ಲೇ ಬೇರೆ ಹಾಡು ಆರಿಸ್ಕೊಳ್ಳಿ. ಕಲ್ತಾಕ್, ಆ ಅಂಬ್ರಿಮ್ ದ್ವೀಪದ ಹುಡುಗೀರದ್ದು ಹಾಕೋ.”

ಹಾಕಿದೆ. ಡೀನ್ ಮರ್ಯಾದೆಗೆ ಎರಡು ಹಾಡು ಕೇಳಿದ. “ಚೆನ್ನಾಗಿದೆ. ಆದ್ರೆ ನಮ್ಮೋರಿಗೆ ಬೇಕಿರೋದು ಎಲ್ಸನ್ ಹಾಡೇ. ಸೆಪ್ಟೆಂಬರ್‌ನಲ್ಲಿ ಯಾವ ಹಬ್ಬ ಇದೆ ಹೇಳಿ?”

“ಎಲ್ಸನ್‌ನ ನೂರನೇ ದಿನ ಇದೆ.”

ಅವನು ಎದ್ದು ಹೋದ. ನಾನು ಪಪ್ಪಾಯಿ ಕೊಯ್ದೆ. ಅಕ್ಕ ಒಂದು ಹೋಳೂ ಮುಟ್ಟಲಿಲ್ಲ, ಕಿಟಕಿಯಲ್ಲಿ ನಿಂತಿದ್ದಳು. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಹೋಗುತ್ತಿತ್ತು. ಅದರೊಳಗಿಂದ ಎಲ್ಸನ್ ಹಾಡುತ್ತಿದ್ದ.

“ನಾವು ತೆಗೆದಿದ್ದೀವಲ್ಲ!” ಅಂದೆ.

“ಎಲ್ಲಾ ಡ್ರೈವರ್‌ಗಳ ಹತ್ರ ಪೆನ್‌ಡ್ರೈವ್‌ನಲ್ಲಿ ಇದೆ ಕಣೋ. ಎಷ್ಟು ಬಸ್ಸಿರಬಹುದು ಊರಲ್ಲಿ?”

“ನಾನೂರೋ ಐನೂರೋ. ಅಕ್ಕ, ಬೇಡ.”

“ಚಪ್ಪಲಿ ಹಾಕ್ಕೋ.”

ಹೀಗೆ ಶುರುವಾಯಿತು ನಮ್ಮ ತಿರುಗಾಟ. ನಮ್ಮ ಬಸ್ಸುಗಳಿಗೆ ಇಂಥದೇ ದಾರಿ ಅಂತಿಲ್ಲ, ಹತ್ತಿದವರು ಹೇಳಿದ ಕಡೆ ಹೋಗುತ್ತವೆ. ಹಾಗಾಗಿ ಒಂದು ಕಡೆ ಕೂತು ಎಲ್ಲರನ್ನೂ ಹಿಡಿಯುವುದು ಆಗದ ಮಾತು. ಬೆಳಿಗ್ಗೆ ಮಾರುಕಟ್ಟೆಯ ಮುಂದೆ, ಮಧ್ಯಾಹ್ನ ಆಸ್ಪತ್ರೆಯ ಗೇಟಿನಲ್ಲಿ, ಸಂಜೆ ಪೆಟ್ರೋಲ್ ಬಂಕಿನಲ್ಲಿ. ಲೈಮಾರು ಕಿಟಕಿಗೆ ಕೈ ಊರಿ ಪ್ರತಿಯೊಬ್ಬನಿಗೂ ಮೊದಲಿನಿಂದ ಹೇಳುತ್ತಿದ್ದಳು. ಮನೆಯವರು ಕೇಳಿಕೊಂಡಿದ್ದಾರೆ, ನೂರು ದಿನ. ಹೆಚ್ಚಿನವರು ತಲೆಯಾಡಿಸಿ ಅಲ್ಲೇ ಅಳಿಸುತ್ತಿದ್ದರು. ನಾನು ನಂಬರ್ ಪ್ಲೇಟ್ ಬರೆದುಕೊಳ್ಳುತ್ತಿದ್ದೆ.

ಹೊಸಿಯಾ ಮಾತ್ರ ಒಪ್ಪಲಿಲ್ಲ. ತನ್ನಾ ದ್ವೀಪದವನು. ಬಿಳಿ ಬಸ್ಸು, ಹಿಂದಿನ ಸೀಟಿನ ಕೆಳಗೆ ಎರಡು ಭಾರಿ ಸ್ಪೀಕರ್. ಅವನ ಬಸ್ಸು ಬರುವುದು ಕಣ್ಣಿಗಿಂತ ಮೊದಲು ಎದೆಗೆ ಗೊತ್ತಾಗುತ್ತಿತ್ತು.

“ರೇಡಿಯೋ ಅಕ್ಕ, ಮನೆಯವರು ಅಂದ್ಯಲ್ಲ, ನಾನೂ ಮನೆಯವನೇ. ಬಸ್ಸು ತಗೊಳ್ಳೋಕೆ ಮುಂಚೆ ಹದಿನಾಲ್ಕು ವರ್ಷ ಎಲ್ಸನ್ ಜತೆ ಮೂಟೆ ಹೊತ್ತಿದೀನಿ. ಬೇಕಿದ್ರೆ ಈ ಬೆನ್ನನ್ನ ಕೇಳು.”

“ಕೇಳಿದ್ರೆ ಏನನ್ನುತ್ತೆ?”

“ಇನ್ನೂ ಜೋರಾಗಿ ಹಾಕು ಅನ್ನುತ್ತೆ.”

ಬಸ್ಸಿನಲ್ಲಿದ್ದವರು ನಕ್ಕರು. ಹೊಸಿಯಾ ನಗಲಿಲ್ಲ. “ಬದುಕಿದ್ದಾಗ ಅವನ ಹಾಡನ್ನ ಊರಿಗೆಲ್ಲ ಹಂಚ್ದೋಳು ನೀನು. ಈಗ ಸತ್ತ ಮೇಲೆ ಬಾಯಿ ಮುಚ್ಚಿಸೋಕೆ ಬಂದ್ಯಾ? ನನಗೆ ಉಳಿದಿರೋದು ಇದೊಂದೇ. ಇಳಿಯೋದಾದ್ರೆ ಇಳಿ, ಕೂರೋದಾದ್ರೆ ಬಸ್ ಚಾರ್ಜು ನೂರೈವತ್ತು ವಾಟು ಕೊಟ್ಟು ಕೂರು.”

ಅಕ್ಕ ನೂರೈವತ್ತು ವಾಟು ಕೊಟ್ಟು ಮುಂದಿನ ಸೀಟಿನಲ್ಲಿ ಕೂತಳು. ಮಾರನೆಯ ದಿನವೂ ಕೂತಳು. ಅದರ ಮಾರನೆಯ ದಿನವೂ. ಹೊಸಿಯಾ ಹಾಡು ಹಾಕುತ್ತಿದ್ದ, ಅವಳು ಸುಮ್ಮನೆ ಕೇಳುತ್ತಿದ್ದಳು. ಮೂರನೆಯ ದಿನ ಅವನು ಎಲ್ಸನ್‌ನ ಕಥೆ ಹೇಳತೊಡಗಿದ. ಯಾವ ಹಡಗಿನಲ್ಲಿ ಯಾರ ಕಾಲಿನ ಮೇಲೆ ಮೂಟೆ ಬಿತ್ತು, ಊಟದ ಹೊತ್ತಿನಲ್ಲಿ ಎಲ್ಸನ್ ಮೀನಿನ ಡಬ್ಬಿ ಬಡಿದು ಹೇಗೆ ಹೊಸ ರಾಗ ಹುಡುಕುತ್ತಿದ್ದ. ಅವಳು ಎಲ್ಲವನ್ನೂ ಕೇಳಿದಳು. ಇಳಿಯುವಾಗ ಪ್ರತಿ ಸಲ ಒಂದೇ ಮಾತು: “ನೂರು ದಿನ ಕಣಪ್ಪ, ಅಷ್ಟೇ.”

ಹತ್ತನೆಯ ದಿನದ ಊಟಕ್ಕೆ ಮಾರುಕಟ್ಟೆಯಿಂದ ಕೆಸುವಿನ ಗಡ್ಡೆ, ಬಾಳೆಗೊನೆ ಸಾಗಿಸಬೇಕಿತ್ತು. ಲೈಮಾರು ನೇರ ಹೊಸಿಯಾನ ಹತ್ತಿರ ಹೋದಳು.

“ಬೇರೆ ಬಸ್ಸೇ ಸಿಗ್ಲಿಲ್ವಾ ನಿಂಗೆ?”

“ಬೇಕಾದಷ್ಟಿವೆ. ನೀನೂ ಮನೆಯವನು ಅಂದ್ಯಲ್ಲ, ಬಾ.”

ಅವನು ಗಡ್ಡೆಯ ಮೂಟೆಗಳನ್ನು ತುಂಬಿದ. ದಾರಿಯುದ್ದಕ್ಕೂ ಎಲ್ಸನ್ ಹಾಡುತ್ತಿದ್ದ. ಮನೆಯ ತಿರುವಿಗೆ ಬಂದಾಗ ಅಕ್ಕ ಅಂದಳು, “ಹೊಸಿಯಾ, ಇಲ್ಲಿಂದ ಆರಿಸ್ಬಿಡು.”

“ಇನ್ನೊಂದೇ ಚರಣ ಅಕ್ಕ. ಮಧ್ಯದಲ್ಲಿ ನಿಲ್ಸಿದ್ರೆ ಅವನಿಗೆ ಅವಮಾನ.”

ಬಸ್ಸು ಅಂಗಳದ ಮುಂದೆ ನಿಲ್ಲುವುದಕ್ಕೂ ಎಲ್ಸನ್ ಪಲ್ಲವಿಗೆ ಬರುವುದಕ್ಕೂ ಸರಿಹೋಯಿತು. ಮೆರೆಲಿನ್, ಕದ ತೆಗಿ. ಒಳಗೆ ಚಿಲಕ ಸರಿದ ಸದ್ದಾಯಿತು. ಕದ ತೆರೆದುಕೊಂಡಿತು. ಬರಿಗಾಲಿನಲ್ಲಿ ಮೆರೆಲಿನ್ ನಿಂತಿದ್ದಳು, ಆಗಷ್ಟೆ ನಿದ್ದೆಯಿಂದ ಎದ್ದಿದ್ದಳೆಂದು ಕಾಣುತ್ತದೆ. ತಡಮಾಡಿ ಬಂದ ಗಂಡನಿಗೆ ಕಾದಿಟ್ಟ ಬೈಗುಳ ಒಂದು ಗಳಿಗೆ ಅವಳ ಮುಖದ ಮೇಲೆ ಹಾಗೇ ಇತ್ತು. ತುಟಿಗಳು ಕೂಡ ಬಿಚ್ಚಿದ್ದವು. ಆಮೇಲೆ ಅವಳಿಗೆ ಬಸ್ಸು ಕಂಡಿತು, ನಾವು ಕಂಡೆವು. ಅವಳು ಅಳಲಿಲ್ಲ. ತಿರುಗಿ ಒಳಗೆ ಹೋದಳು. ಕದ ಹಾಕಿಕೊಳ್ಳುವುದೂ ಅವಳಿಗೆ ನೆನಪಾಗಲಿಲ್ಲ.

ಹೊಸಿಯಾ ಪೆನ್‌ಡ್ರೈವ್ ಕೀಳಲು ಹೋದ. ಅದು ಬರಲಿಲ್ಲ. ಕೊನೆಗೆ ಕೀಲಿ ತಿರುಗಿಸಿ ಬಸ್ಸನ್ನೇ ಆರಿಸಿದ. ಆಮೇಲೆ ಯಾರನ್ನೂ ಹತ್ತಿರ ಬರಗೊಡದೆ ಆ ಮೂಟೆಗಳನ್ನೆಲ್ಲ ಒಬ್ಬನೇ ಬೆನ್ನ ಮೇಲೆ ಹೊತ್ತು ಹಿತ್ತಲಿಗೆ ಹಾಕಿ, ಹಲಸಿನ ಜಾತಿಯ ಒಂದು ದೊಡ್ಡ ಮರದ ಬುಡದಲ್ಲಿ ಕೂತ.

“ನೀನು ಮೊದ್ಲೇ ಹೇಳ್ಬಾರ್ದಿತ್ತಾ?” ಅಂದ ಲೈಮಾರುವಿಗೆ.

“ದಿನಾ ಹೇಳ್ದೆನಲ್ಲೋ.”

“ಹಾಗಲ್ಲ. ಹೀಗೆ ಅಂತ.”

“ಹೀಗೆ ಅಂತ ನನಗೂ ಗೊತ್ತಿರ್ಲಿಲ್ಲ ಹೊಸಿಯಾ.”

ಮಾರನೆಯ ದಿನದಿಂದ ನನ್ನ ನಂಬರ್ ಪ್ಲೇಟಿನ ಪುಸ್ತಕಕ್ಕೆ ಕೆಲಸವಿಲ್ಲವಾಯಿತು. ಹೊಸಿಯಾ ಒಬ್ಬೊಬ್ಬ ಡ್ರೈವರನ್ನೂ ಅಡ್ಡಗಟ್ಟಿದ. ನಮ್ಮ ಹಾಗೆ ಮೊದಲಿನಿಂದ ಕಥೆ ಹೇಳುವ ತಾಳ್ಮೆ ಅವನಿಗಿರಲಿಲ್ಲ. “ತೆಗೀತೀಯೋ, ನಾನು ತೆಗೀಲೋ?” ಅಷ್ಟೇ. ಬ್ಲ್ಯಾಕ್‌ಸ್ಯಾಂಡ್ಸಿನ ಒಂದು ಮದುವೆಯಲ್ಲಿ ಯಾರೋ ಹಾಡು ಹಾಕಿದರೆಂದು ತಿಳಿದಾಗ ಅವನೂ ಲೈಮಾರುವೂ ಕರೆಯದಿದ್ದರೂ ಹೋದರು. ಹಾಡು ನಿಲ್ಲಿಸಿ, ಊಟ ಮಾಡಿ, ಮದುಮಕ್ಕಳನ್ನು ಅವನದೇ ಬಸ್ಸಿನಲ್ಲಿ ಮನೆ ಮುಟ್ಟಿಸಿ ಬಂದರು.

ನನ್ನ ಪಾಲಿನ ಯುದ್ಧ ಬೇರೆ ಇತ್ತು. ಯಾರೋ ಎಂಥವನೋ, ಆ ಹಾಡನ್ನು ನಮ್ಮಿಂದ ಇಳಿಸಿಕೊಂಡು ಹೊರದೇಶದ ಒಂದು ದೊಡ್ಡ ಹಾಡಿನ ಆ್ಯಪ್‌ನಲ್ಲಿ ತನ್ನ ಹೆಸರಿನಲ್ಲಿ ಹಾಕಿದ್ದ. ನಾನು ಅವರಿಗೆ ಬರೆದೆ. ಉತ್ತರ ಬಂತು, ಬರೆದದ್ದು ಯಂತ್ರ. ಮತ್ತೆ ಬರೆದೆ, ಮತ್ತೆ ಯಂತ್ರ. ನೀವು ಹಾಡುಗಾರರೇ? ಅಲ್ಲ. ಹಾಡುಗಾರರಿಂದಲೇ ಬರೆಸಿ. ಹಾಡುಗಾರ ಸತ್ತಿದ್ದಾನೆ. ನಿಮ್ಮ ಸಂದೇಶಕ್ಕೆ ಧನ್ಯವಾದಗಳು. ಇಪ್ಪತ್ತು ಸಲ ಆದ ಮೇಲೆ ನಾನು ಕೈಚೆಲ್ಲಿದೆ.

“ಇವತ್ತು ಬರೆದ್ಯಾ?” ಎಂದು ಅಕ್ಕ ಕೇಳಿದಳು.

“ಏನು ಪ್ರಯೋಜನ? ಇಲ್ಲಿ ಯಾರೂ ಅದರಲ್ಲಿ ಕೇಳಲ್ಲ.”

“ಎಲ್ಸನ್ ಎಲ್ಲಿ ಹೋಗ್ತಿದಾನೋ ಆ ದಾರೀಲಿ ಕೇಳಿಸಿದ್ರೆ? ಬರಿ.”

ಬರೆದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಹಾಗೆ ಬರೆದೆ. ಅರವತ್ತೊಂದನೆಯ ದಿನ ಯಂತ್ರವಲ್ಲದ ಒಬ್ಬ ಹೆಂಗಸಿನ ಕೈಗೆ ಅದು ಸಿಕ್ಕಿತು. ಎರಡೇ ಸಾಲು ಬರೆದಿದ್ದಳು: ತೆಗೆದಿದ್ದೇನೆ, ಹೋದ ವರ್ಷ ನನ್ನ ಅಪ್ಪ ತೀರಿಕೊಂಡರು, ಅವರ ದನಿ ಇನ್ನೂ ನನ್ನ ಫೋನಿನಲ್ಲಿದೆ, ಕೇಳಲು ಧೈರ್ಯವಿಲ್ಲ. ಆ ಪತ್ರವನ್ನು ಅಕ್ಕ ಎರಡು ಸಲ ಓದಿಸಿಕೊಂಡಳು.

ಜುಲೈ ಮೂವತ್ತು ಬಂತು, ಹೋಯಿತು. ಫೋನ್ ಕಂಪನಿ ಬೇರೆ ಯಾವುದೋ ಆ್ಯಪ್ ಹಿಡಿದು, ಎಲ್ಲಿಯದೋ ಹಾಡು ಹಾಕಿ ಜಾಹೀರಾತು ಮಾಡಿತು. ನನಗೆ ಹೊಟ್ಟೆ ಉರಿಯಿತು. ಅವತ್ತು ಉದ್ಯಾನದ ವೇದಿಕೆಯಲ್ಲಿ ನವಿತದ ಉಳಿದ ಮೂವರು ನುಡಿಸಿದರು. ಜನ “ಮೆರೆಲಿನ್! ಮೆರೆಲಿನ್!” ಎಂದು ಕೂಗಿದಾಗ ಬೇಸ್ ನುಡಿಸುವ ಮುದುಕ ಮೈಕಿನ ಹತ್ತಿರ ಬಂದು, “ಅವಳು ಮಲಗಿದಾಳೆ, ಎಬ್ಬಿಸ್ಬೇಡ್ರಪ್ಪಾ,” ಅಂದ. ಕೂಗು ನಿಂತಿತು. ನನ್ನ ಹೊಟ್ಟೆಯುರಿಯೂ ಅಲ್ಲಿಗೆ ಸ್ವಲ್ಪ ತಣಿಯಿತು.

ಆ ರಜೆಯ ವಾರದಲ್ಲೇ ನಾನು ನಸಾರಕ್ಕೆ ಒಂದು ಹೊಸ ಗುಂಡಿ ಮಾಡಿದೆ. ‘ಮೌನ’ ಎಂದು ಅದಕ್ಕೆ ಹೆಸರಿಟ್ಟಳು ಲೈಮಾರು. ಹೊಸದಾಗಿ ಸೇರುವ ಪ್ರತಿಯೊಬ್ಬ ಹಾಡುಗಾರನೂ ಒಂದು ಹೆಸರು ಬರೆದುಕೊಡಬೇಕು: ನೀನಿಲ್ಲದಾಗ ನಿನ್ನ ಹಾಡನ್ನು ನಿಲ್ಲಿಸುವ, ಮತ್ತೆ ಹೊರಡಿಸುವ ಅಧಿಕಾರ ಯಾರಿಗೆ? ಹಳಬರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆವು. ಕೆಲವರು ಬೈದರು, ಅಪಶಕುನ ಅಂದರು. ಸಾಂಟೋ ದ್ವೀಪದ ಒಬ್ಬ ತನ್ನ ನಾಯಿಯ ಹೆಸರು ಹೇಳಿದ. ಲೈಮಾರು ಬಿಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ನೂರನೆಯ ದಿನ ಬಂತು. ನೂರು ದಿನ ಗಡ್ಡ ಬಿಟ್ಟಿದ್ದ ನೆಂಟರು ಬೆಳಿಗ್ಗೆಯೇ ಅಂಗಳದಲ್ಲಿ ಕೂತು ಒಬ್ಬರಿಗೊಬ್ಬರು ಬೋಳಿಸಿದರು. ಹೊಸಿಯಾ ಕೂಡ ಗಡ್ಡ ಬಿಟ್ಟಿದ್ದ. ನಾವ್ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ. ಕಾದ ಕಲ್ಲಿನ ಮೇಲೆ ಗಡ್ಡೆ ತುರಿದು ಎಲೆಯಲ್ಲಿ ಸುತ್ತಿದ ಲಾಪ್‌ಲಾಪ್ ಬೇಯುತ್ತಿತ್ತು. ಮೆರೆಲಿನ್ ಕಪ್ಪು ಬಿಟ್ಟು ಹಳದಿ ಹೂವಿನ ಬಟ್ಟೆ ಉಟ್ಟಿದ್ದಳು, ತೆಂಗಿನಹಾಲು ಹಿಂಡುತ್ತಿದ್ದಳು. ಊಟಕ್ಕೆ ಮುಂಚೆ ಲೈಮಾರು ಫೋನ್ ಹಿಡಿದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

“ಇದು ನಿನ್ನದು ಮೆರೆಲಿನ್. ಇವತ್ತು ಬೇಡ ಅಂದ್ರೆ ಬೇಡ. ಯಾವತ್ತೂ ಬೇಡ ಅಂದ್ರೂ ಸೈ.”

ಮೆರೆಲಿನ್ ಅತ್ತೆಯ ಕಡೆ ನೋಡಿದಳು. ಮುದುಕಿ ಗಲ್ಲ ಎತ್ತಿ, ನಿನಗೆ ಬಿಟ್ಟದ್ದು ಅನ್ನುವಂತೆ ಸನ್ನೆ ಮಾಡಿದಳು.

“ನನ್ನ ಕೈಯೆಲ್ಲ ಹಾಲು,” ಅಂದಳು ಮೆರೆಲಿನ್. “ಹೊಸಿಯಾ ಅಣ್ಣ ಒತ್ಲಿ.”

ಹೊಸಿಯಾ ಕೈಯನ್ನು ಷರ್ಟಿಗೆ ಒರೆಸಿಕೊಂಡು ಒತ್ತಿದ. ಉಕುಲೆಲೆ ಶುರುವಾಯಿತು, ಬೇಸ್ ಗುಮ್ಮೆಂದಿತು, ಎಲ್ಸನ್ ಬಂದ. ಮೆರೆಲಿನ್ ತಲೆ ತಗ್ಗಿಸಿ ಕೇಳುತ್ತಿದ್ದಳು. ಕಣ್ಣೀರು ಮೂಗಿನ ತುದಿಯವರೆಗೆ ಬಂದು ನಿಂತಿತ್ತು. ಪಲ್ಲವಿ ಎರಡನೆಯ ಸಲ ಬಂದಾಗ ಇದ್ದಕ್ಕಿದ್ದಂತೆ ತಲೆಯೆತ್ತಿದಳು.

“ಅಯ್ಯೋ! ಅಲ್ಲಿ ಶ್ರುತಿ ತಪ್ಪಿದಾನೆ!”

“ಎಲ್ಲಿ?” ಅಂದೆ ನಾನು. ಆ ಹಾಡನ್ನು ರೆಕಾರ್ಡ್ ಮಾಡಿದವನು ನಾನೇ.

“ಸೊಳ್ಳೆಗೂ ಅನ್ನೋ ಕಡೆ. ಕೇಳು, ಕೇಳು... ಈಗ! ಮನೇಲಿ ಹಾಡುವಾಗ್ಲೂ ಅಲ್ಲೇ ಜಾರ್ತಿದ್ದ. ನಾನು ಹೇಳಿದ್ರೆ ‘ನಿಂಗೇನು ಗೊತ್ತು’ ಅಂತಿದ್ದ.”

ಬೇಸ್ ನುಡಿಸುವ ಮುದುಕ ಹೊಟ್ಟೆ ಹಿಡಿದು ನಕ್ಕ. “ಒಂದು ವರ್ಷದಿಂದ ನಾನೊಬ್ಬನೇ ಇಟ್ಕೊಂಡಿದ್ದೆ ಈ ಗುಟ್ಟು!” ಆಮೇಲೆ ಎಲ್ಲರೂ ನಕ್ಕರು, ಮೆರೆಲಿನ್ ಎಲ್ಲರಿಗಿಂತ ಜೋರಾಗಿ. ಹಾಡನ್ನು ಮತ್ತೆ ಹಾಕಿಸಿ, ಆ ಜಾಗ ಬಂದಾಗೆಲ್ಲ ಎಲ್ಲರೂ ಬೆರಳೆತ್ತಿದರು.

“ಸರಿಮಾಡ್ಲಾ? ಕಂಪ್ಯೂಟರ್‌ನಲ್ಲಿ ಆಗುತ್ತೆ,” ಎಂದು ನಾನು ಕೇಳಿದೆ.

ಲೈಮಾರುವೂ ಮೆರೆಲಿನ್ನೂ ಒಟ್ಟಿಗೆ ನನ್ನನ್ನು ನೋಡಿದ ರೀತಿಗೆ ನಾನು ಲಾಪ್‌ಲಾಪ್ ಬೆಂದಿದೆಯೇ ಎಂದು ನೋಡಲು ಎದ್ದು ಹೋದೆ.

ಫೋನ್ ಕಂಪನಿ ಮತ್ತೆ ಬರಲಿಲ್ಲ. ನಾವು ಇನ್ನೂ ಟೈರ್ ಅಂಗಡಿಯ ಮೇಲೆಯೇ ಇದ್ದೇವೆ. ಆದರೆ ವರ್ಷದ ಕೊನೆಗೆ ಬ್ಯಾಂಡುಗಳು ಇನ್ನೂರ ಮೂವತ್ತಾದವು. ಯಾರಿಗೂ ಹಾಡು ಕೊಡದೆ ಬಚ್ಚಿಟ್ಟುಕೊಂಡಿದ್ದ ಹಳಬರು ದ್ವೀಪಗಳಿಂದ ಹಡಗು ಹತ್ತಿ ಬಂದರು. ‘ನಿಲ್ಲಿಸು ಅಂದ್ರೆ ನಿಲ್ಲಿಸ್ತೀರಂತಲ್ಲ’ ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು. ನಿನ್ನೆ ಮಾಲೆಕುಲಾ ದ್ವೀಪದ ನಾಲ್ವರು ಅಣ್ಣತಮ್ಮಂದಿರು ಬಂದಿದ್ದರು. ಲೈಮಾರು ಕಾಗದ ಮುಂದಿಟ್ಟು, ಮೌನದ ಗುಂಡಿ ಯಾರ ಕೈಗೆ ಎಂದು ಕೇಳಿದಳು. ದೊಡ್ಡವನು ನನಗೆ ಅಂದ. ಎರಡನೆಯವನು, ನಿನಗೆ ಕೊಟ್ಟರೆ ಸಿಟ್ಟು ಬಂದಾಗೆಲ್ಲ ಒತ್ತುತ್ತೀಯ ಅಂದ. ಮಧ್ಯಾಹ್ನದವರೆಗೆ ಜಗಳವಾಡಿದರು. ಕೊನೆಗೆ ತಾಯಿಗೆ ಫೋನ್ ಮಾಡಿದರು. ಅವಳು ತೋಟದಲ್ಲಿದ್ದಳು, ಮೊದಲು ಹಾಡು ಕೇಳಿಸಿ, ಆಮೇಲೆ ಹೇಳ್ತೀನಿ ಅಂದಳು.